ಜಕಾರಿಯ ಕಾಲಿಗೊಂದು ಅಟ್ಟ

ಕೂಕಮೆಸ್ ಸರೋವರದ ದಡ
ಸೆಪ್ಟೆಂಬರ್ ೧೯

ನನ್ನ ಮೊಂಡು ಮುದುಕ ಜಕಾರಿಗೆ,

ಹೇಗಿದ್ದೀಯೋ? ಜ್ವರ ಇಳಿಯಿತೇ? ಆಸ್ಪತ್ರೆಯವರು ಕೊಡುವ ಸಪ್ಪೆ ಸಾರನ್ನು ಬೈದುಕೊಂಡಾದರೂ ಕುಡಿ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಮಗ ಎವಾರಿಸ್ತ್ ಜೊತೆ ಬಂದು ಗುಡಾರ ಹಾಕಿ, ನೆಲಕ್ಕೆ ಹೊಸ ಸೊಪ್ಪು ಹಾಸಿದ್ದಾಯಿತು. ಬಲೆಗೆ ಮೀನು ಚೆನ್ನಾಗಿ ಬೀಳುತ್ತಿದೆ. ಒಲೆಯ ಪಕ್ಕದ ನಿನ್ನ ಜಾಗದಲ್ಲಿ ಎವಾರಿಸ್ತ್ ಕೂರಲು ಹೋದ. "ಏಳೋ, ನಿಮ್ಮಪ್ಪ ಇನ್ನೂ ಬದುಕಿದ್ದಾನೆ" ಎಂದು ಎಬ್ಬಿಸಿದೆ.

ಮಗಳು ಅನಸ್ತಾಸಿ ಉಪಗ್ರಹ ಫೋನಿನಲ್ಲಿ ಎಲ್ಲ ಹೇಳಿದಳು. ಕೊಳೆತ ಕಾಲು ತೆಗೆಯದಿದ್ದರೆ ನೀನು ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರೂ ನೀನು ಒಪ್ಪುತ್ತಿಲ್ಲವಂತೆ. "ಒಂಟಿಕಾಲಲ್ಲಿ ಕೂಕಮೆಸ್‌ಗೆ ಹೋಗಿ ಏನ್ ಕಡಿದು ಕಟ್ಟೆ ಹಾಕ್ಲಿ?" ಅಂದೆಯಂತೆ. ಡಾಕ್ಟರಮ್ಮ ನಕ್ಷೆ ನೋಡಿ, "ಅಲ್ಲಿ ಯಾರೂ ವಾಸವೇ ಇಲ್ವಲ್ಲಾ! ಒಂದು ಸರೋವರದ ಹೆಸರನ್ನ ಇಡೀ ಸೀಮೆಗೆ ಇಟ್ಟಿದ್ದಾರೆ ಅಷ್ಟೇ. ಇವರು ಎಲ್ಲಿಗೆ ಹೋಗ್ಬೇಕು ಅಂತಾರೆ?" ಎಂದು ಅನಸ್ತಾಸಿಯನ್ನು ಕೇಳಿದಳಂತೆ. ಅಯ್ಯೋ, ಹಾಗಾದರೆ ನಾನೇನು ದೆವ್ವವೇ? ನಿನ್ನ ಅಪ್ಪ ಅಮ್ಮ, ನಮ್ಮ ಮೊದಲ ಕೂಸು, ಎಲ್ಲರೂ ಈ ದಿಬ್ಬದಲ್ಲೇ ಮಲಗಿದ್ದಾರೆ. ನಕ್ಷೆ ಬರೆದವರು ಬೇಸಿಗೆಯಲ್ಲಿ ಮೇಲಿಂದ ಹಾರಿಕೊಂಡು ಹೋಗಿರಬೇಕು, ಆಗ ನಾವು ಊರಲ್ಲಿರುತ್ತೇವೆ.

ಒಂಟಿಕಾಲಿನ ಮಾತು ಬರೀ ನೆಪ. ಇಷ್ಟು ವರ್ಷ ಬಾಳಿದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ದಾದಿಯರನ್ನೆಲ್ಲ ಹಿಡಿದು "ಕಾಲು ತೆಗೆದು ಎಲ್ಲಿ ಬಿಸಾಡ್ತೀರಿ?" ಎಂದು ಕೇಳುತ್ತಿದ್ದೀಯಂತೆ. ಮುದುಕನಿಗೆ ಅರಳುಮರಳು ಎಂದುಕೊಂಡಿದ್ದಾರೆ ಅವರು. ನನಗೆ ಮಾತ್ರ ಅರ್ಥವಾಯಿತು. ಬೇಟೆಯ ಮೂಳೆ ನಾಯಿಯ ಬಾಯಿಗೆ ಬಿದ್ದರೆ ಪ್ರಾಣಿಗಳ ಯಜಮಾನ ಮುನಿಯುತ್ತಾನೆ, ಮತ್ತೆ ಬೇಟೆ ಕೊಡುವುದಿಲ್ಲ ಎಂದು ಹೊಳೆಯ ಬೀವರ್ ಪ್ರಾಣಿಯ ಬೆರಳ ಮೂಳೆಯನ್ನೂ ಬಿಡದೆ ಕಂಬಗಳ ಮೇಲಿನ ಅಟ್ಟಕ್ಕೇರಿಸಿದವನು ನೀನು. ನಿನ್ನದೇ ಕಾಲು ಕಸದ ಡಬ್ಬಿಗೆ ಹೋಗುತ್ತದೆಂದರೆ ಹೇಗೆ ಒಪ್ಪುತ್ತೀಯ? ನಾನಾದರೂ ಒಪ್ಪುತ್ತಿರಲಿಲ್ಲ. ಅದಕ್ಕೇ ನಿನ್ನೆ ದಿಬ್ಬದ ಮೇಲೆ, ನಿನ್ನ ಅಪ್ಪನ ಮಗ್ಗುಲಲ್ಲಿ, ಯಾವ ನಾಯಿಗೂ ಎಟುಕದಂತೆ ಒಂದು ಅಟ್ಟ ಕಟ್ಟಿಸಿದೆ. "ಇಷ್ಟು ಗಟ್ಟಿ ಯಾಕಮ್ಮಾ, ಇಡೀ ಕ್ಯಾರಿಬು ಜಿಂಕೆ ಏರಿಸ್ತೀಯಾ?" ಎಂದು ಎವಾರಿಸ್ತ್ ನಕ್ಕ. "ನಿಮ್ಮಪ್ಪನ ಕಾಲಿಗೆ ಕಣೋ" ಅಂದೆ. ಕೊಡಲಿ ಕೆಳಗಿಟ್ಟು ಅತ್ತುಬಿಟ್ಟ.

ನಡೆಯಲಾಗದಿದ್ದರೆ ಹಿಮದಲ್ಲಿ ಜಾರುಬಂಡಿ, ನೀರಿನಲ್ಲಿ ದೋಣಿ. ಎರಡರಲ್ಲೂ ಕೂತೇ ಹೋಗುವುದು ತಾನೇ? ನಮಗೆಲ್ಲ ಅಪ್ಪಣೆ ಕೊಡಲು ಬಾಯಿ ಸಾಕು, ಅದು ಚೆನ್ನಾಗಿಯೇ ಇದೆ. ನೀನು ನನಗೆ ಬೇಕು, ಜಕಾರಿ. ಇಡಿಯಾಗಿ ಅಲ್ಲದಿದ್ದರೂ ಬೇಕು.

ಅನಸ್ತಾಸಿಗೆ ನನ್ನ ಮುತ್ತು. ಪಕ್ಕದ ಹಾಸಿಗೆಯವರಿಗೂ ಒಳ್ಳೆಯದಾಗಲಿ. ದಿಬ್ಬದಲ್ಲಿರುವ ಹಿರಿಯರು ನಿನ್ನನ್ನು ಕಾಯಲಿ.

ನಿನ್ನ
ಫಿಲೋಮೆನ್

ತಾ.ಕ.: ಈ ಕಾಗದ ಒಯ್ಯುವ ವಿಮಾನದವನು ಅವಸರ ಮಾಡುತ್ತಿದ್ದಾನೆ. ಡಾಕ್ಟರಮ್ಮನ ಹತ್ತಿರ ನಾನೇ ಫೋನಿನಲ್ಲಿ ಮಾತಾಡಿದೆ. ಕಾಲನ್ನು ಪೆಟ್ಟಿಗೆಯಲ್ಲಿಟ್ಟು ಅನಸ್ತಾಸಿಯ ಕೈಗೇ ಕೊಡುತ್ತಾಳಂತೆ, ಮಾತು ಕೊಟ್ಟಿದ್ದಾಳೆ. ನೀನು ಒಪ್ಪಿದ್ದೀಯ ಎಂದು ಹೇಳಿಬಿಟ್ಟಿದ್ದೇನೆ; ನನ್ನನ್ನು ಸುಳ್ಳುಗಾತಿ ಮಾಡಬೇಡ. ಕಾಲು ಮೊದಲು ಮನೆಗೆ ಬರಲಿ, ಹಿಂದೆಯೇ ನೀನು ಬಾ.