ಸುಮ್ಮನೆ ಕೂರುವ ಕೆಲಸ

ಮಂಗಳವಾರ, ಜೂನ್ ೧೧

ಮಗಳು ಹುಟ್ಟಿದಾಗ ನಿಲ್ಲಿಸಿದ್ದ ಶುದ್ಧ ಗಣಿತದ ಸಂಶೋಧನೆಗೆ ಮರಳುತ್ತೇನೋ, ವಿಮಾ ಕಂಪನಿಯ ಕೆಲಸ ಹಿಡಿಯುತ್ತೇನೋ, ನಾಳೆ ಪಿಎಚ್‌ಡಿ ಗೈಡ್‌ಗೆ ಹೇಳಲೇಬೇಕು. ಯೋಚಿಸಿ ಯೋಚಿಸಿ ನಿದ್ದೆ ಹಾರಿಹೋಗಿದೆ.

ಬೆಳಿಗ್ಗೆ ಮಗಳು ಮಲಗಿದ್ದಾಗ, ಅರ್ಧಕ್ಕೆ ನಿಂತ ಪ್ರಮೇಯವೊಂದನ್ನು ಮನಸ್ಸಿನಲ್ಲೇ ತಿರುವಿಹಾಕುತ್ತಾ ಗೋಡೆ ನೋಡುತ್ತಿದ್ದೆ. ಅತ್ತೆ ಬಂದರು.

"ಸುಮ್ನೆ ಕೂತಿದ್ದೀಯಲ್ಲ, ಬಟ್ಟೆನಾದ್ರೂ ಮಡಚಬಾರ್ದಾ?"

"ಕೆಲಸ ಮಾಡ್ತಿದ್ದೀನಿ ಅತ್ತೆ. ಗಣಿತ."

"ಇದಕ್ಕೂ ಸಂಬಳ ಕೊಡೋರಿದ್ರೆ ನನಗೂ ಒಂದು ಕೆಲಸ ಕೊಡಿಸು."

ನಗುತ್ತಾ ಎದ್ದು ಬಟ್ಟೆ ಮಡಚಿದೆ. ಎಳೆ ತಪ್ಪಿಹೋಯಿತು.

ಸಂಜೆ ಮತ್ತೆ ಕೂತಾಗ ಪಕ್ಕದ ಮನೆಯಾಕೆ ಬಂದರು. ಬಾಗಿಲಲ್ಲೇ ಅತ್ತೆ ಪಿಸುಗುಟ್ಟಿದ್ದು ಕೇಳಿಸಿತು: "ಮೆಲ್ಲಗೆ ಮಾತಾಡಿ, ಸೊಸೆ ಸುಮ್ನೆ ಕೂರೋ ಕೆಲಸದಲ್ಲಿದ್ದಾಳೆ."

ಮರಳುತ್ತೇನೆ ಅಂತಲೇ ಗೈಡ್‌ಗೆ ಹೇಳುತ್ತೇನೆ. ಭಯವೇನೂ ಹೋಗಿಲ್ಲ. ಮಗಳಿಗೆ ಹುಷಾರು ತಪ್ಪಿದ ದಿನ ಯಾರು... ಅತ್ತೆ ಇದ್ದಾರಲ್ಲ. ಕಣ್ಣು ಎಳೆಯುತ್ತಿದೆ, ಇನ್ನು