ಮೂರು ಲೋಟ ಕಾಫಿ

೧೨ ಫೆಬ್ರವರಿ, ಗುರುವಾರ. ಹೊಂಗಡಹಳ್ಳ.

ಇವತ್ತು ಸೊಸೆಗೆ ಸುಳ್ಳು ಹೇಳಿದೆ.

ಕಾಫಿ ರುಚಿ ನೋಡಿ ದರ್ಜೆ ಹೇಳುವ ತರಬೇತಿಗೆ ಸೇರಬೇಕೆಂದು ನೇತ್ರಾವತಿಗೆ ಹಟ. ತೆಗೆದುಕೊಳ್ಳುವುದು ಹತ್ತೇ ಜನರನ್ನಂತೆ. ನಾಲಿಗೆ ಕೆಡಬಾರದೆಂದು ತಿಂಗಳಿಂದ ಖಾರ ಬಿಟ್ಟಿದ್ದಳು. ಎಟುಕುವಷ್ಟೇ ಆಸೆಪಡು ಎಂದು ನಾನು ಗದರುತ್ತಲೇ ಇದ್ದೆ.

ಮಧ್ಯಾಹ್ನ ಮಗ ಮಹೇಶನ ಎದುರಿಗೇ ಮೂರು ಲೋಟ ಕಪ್ಪು ಕಾಫಿ ಇಟ್ಟು, ಯಾವುದು ಯಾವ ತೋಟದ್ದು ಹೇಳು ಎಂದೆ. ಮೂರಕ್ಕೂ ಒಂದೇ ಡಬ್ಬಿಯ ಪುಡಿ ಹಾಕಿದ್ದೆ. ಏನಾದರೂ ಹೇಳಿ ಸಿಕ್ಕಿಬೀಳುತ್ತಾಳೆ ಎಂದುಕೊಂಡಿದ್ದೆ.

ಎರಡೆರಡು ಸಲ ಗುಟುಕರಿಸಿದಳು.

"ಮೂರೂ ಒಂದೇ ಅಲ್ವಾ ಅತ್ತೆ? ನಮ್ ಕೆಳಗಿನ್ ತೋಟದ್ದೇ ಐತೆ."

"ಬೇರೆ ಬೇರೆ ಕಣೇ. ಸೋತೆ ಬುಡು," ಎಂದುಬಿಟ್ಟೆ.

ಮಹೇಶ ನಕ್ಕ. "ಸದ್ಯ! ಇನ್ಮೇಲೆ ಮನೇಲಿ ಸಾರಿಗೆ ಖಾರ ಬೀಳ್ತದೆ."

ಅವಳು ತರಬೇತಿಯ ಅರ್ಜಿಯನ್ನು ಮಡಚಿಟ್ಟಳು. ರಾತ್ರಿ ಎಲ್ಲರಂತೆ ಖಾರದ ಸಾರು ಬಡಿಸಿಕೊಂಡು ಉಂಡಳು.

ಎಟುಕದು ಎಂದಿದ್ದೆ. ಎಟುಕಿದ್ದನ್ನು ಕಣ್ಣಾರೆ ಕಂಡಾಗ ಯಾಕೆ ಅಷ್ಟು ಭಯವಾಯಿತೋ.

ಅರ್ಜಿಗೆ ನಾಳೆ ಕೊನೆಯ ದಿನ. ಬೆಳಿಗ್ಗೆ ಮಹೇಶನ ಎದುರಿಗೇ ಅವಳಿಗೆ ನಿಜ ಹೇಳಬೇಕು. ಈ ಮನೆಯಲ್ಲಿ ನಾನು ಯಾರ ಮುಂದೆಯೂ ತಪ್ಪಾಯಿತು ಎಂದವಳಲ್ಲ. ಮೊದಲ ಮಾತು ಹೇಗೆ ಶುರು ಮಾಡಲಿ?