ಮುಕ್ಕಾಲು ತುಂಬದ ಗಾಡಿ

ಗಬ್ಬೂರು ಕೂಡುಕಟ್ಟೆ, ಹುಬ್ಬಳ್ಳಿ
ಕಾರ್ತಿಕ ಬಹುಳ ತದಿಗೆ, ಇಸವಿ ೨೧೧೮

ನಮಗಿಂತ ತೊಂಬತ್ತು ವರ್ಷ ಮೊದಲು ಈ ಊರಿನಲ್ಲಿ ಬಾಳುತ್ತಿರುವ ಹಿರಿಯರಿಗೆ, ದಾಕ್ಷಾಯಣಿ ಹೊರಪೇಟಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನಗು ಬಂದರೆ ನಕ್ಕುಬಿಡಿ. ಬರೆಯುವಾಗ ನನಗೂ ಕೈ ತಡೆಯಿತು. ನನ್ನ ಕನ್ನಡದಲ್ಲಿ ನೀವು ಕೇಳಿರದ ಕೆಲವು ಮಾತುಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ಬಂದಲ್ಲಿಯೇ ಬಿಡಿಸಿ ಹೇಳುತ್ತೇನೆ. ಪೇಟೆಯ ಓಣಿಗಳಿಗೆ ಸರಕು ಸಾಗಿಸುವ ರೀತಿಯನ್ನು ಬದಲಿಸಬೇಕೆಂದು ನಿಮ್ಮಲ್ಲಿ ಯಾರಾದರೂ ಕೂತು ಯೋಚಿಸುತ್ತಿದ್ದರೆ, ಈ ಪತ್ರ ಅವರಿಗೆ. ಬದಲಿಸಿ. ನಾನು ಬೇಡವೆನ್ನಲು ಬರೆಯುತ್ತಿಲ್ಲ.

ಕೂಡುಕಟ್ಟೆ ಎಂದರೆ ಏನೆಂದು ಮೊದಲು ಹೇಳುತ್ತೇನೆ. ಊರಿಗೆ ಬರುವ ಸರಕು ಯಾರದೇ ಇರಲಿ, ಎಲ್ಲವೂ ಮೊದಲು ಊರ ಹೊರಗಿನ ಈ ದೊಡ್ಡ ಕಟ್ಟೆಯ ಮೇಲೆ ಇಳಿಯುತ್ತದೆ. ಕಳಿಸಿದ ಕಂಪನಿ ಯಾವುದು ಎಂದು ಇಲ್ಲಿ ಯಾರೂ ನೋಡುವುದಿಲ್ಲ, ಯಾವ ಓಣಿಗೆ ಹೋಗಬೇಕು ಎಂದಷ್ಟೇ ನೋಡುತ್ತೇವೆ. ಒಂದು ಓಣಿಯ ಬಟ್ಟೆಯ ಗಂಟು, ಎಣ್ಣೆಯ ಡಬ್ಬ, ಶಾಲೆಯ ನೋಟುಬುಕ್ಕು, ಔಷಧ, ಸ್ಟೀಲಿನ ಪಾತ್ರೆ ಎಲ್ಲವೂ ಒಂದೇ ಓಣಿಗಾಡಿಯಲ್ಲಿ ಹೋಗುತ್ತವೆ. ಓಣಿಗಾಡಿ ಎಂದರೆ ಎರಡು ಮಂಚದಷ್ಟು ಅಗಲದ ಬ್ಯಾಟರಿ ಗಾಡಿ. ಮುಂದೆ ಒಂದು ಹಿತ್ತಾಳೆ ಗಂಟೆ ಇರುತ್ತದೆ. ಗಂಟೆ ಕೇಳಿದ ಕೂಡಲೇ ಅಂಗಡಿಯವರು ಹೊರಗೆ ಬಂದು ತಮ್ಮ ತಮ್ಮದನ್ನು ಇಳಿಸಿಕೊಳ್ಳುತ್ತಾರೆ. ನಮ್ಮ ಕಚೇರಿಯ ಗೋಡೆಯ ಮೇಲೆ ನಿಮ್ಮ ಕಾಲದ ಒಂದು ಫೋಟೊ ಇದೆ. ಒಂದೇ ಅಂಗಡಿಗೆ ಐದು ಪೊಟ್ಟಣ ತಂದ ಐದು ಟೆಂಪೊಗಳು ಓಣಿಯ ಬಾಯಿಯಲ್ಲಿ ಸಿಕ್ಕಿಕೊಂಡಿವೆ, ನಡುವೆ ಒಬ್ಬ ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಗೋಡೆಗೆ ಒರಗಿದ್ದಾಳೆ. ಈಗ ಆ ಓಣಿಯ ನಡುಮಧ್ಯೆ ಹಪ್ಪಳ ಒಣಗಿಸುತ್ತಾರೆ. ಶಾಲೆ ಬಿಟ್ಟ ಮಕ್ಕಳು ರಸ್ತೆಯ ಮೇಲೆಯೇ ಚೌಕ ಬರೆದು ಕುಂಟೆಬಿಲ್ಲೆ ಆಡುತ್ತಾರೆ. ಎದುರು ಮನೆಯವರೊಂದಿಗೆ ಮಾತಾಡಲು ಕೂಗಬೇಕಿಲ್ಲ. ಇದನ್ನು ನಮಗೆ ಕೊಟ್ಟವರು ನೀವೇ ಅಥವಾ ನಿಮ್ಮ ಮಕ್ಕಳು. ನಾವು ಅದನ್ನು ಮರೆತಿಲ್ಲ.

ನಾನು ಇಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಸರದಿಗಾರ್ತಿ. ಯಾವ ಗಾಡಿ ಯಾವಾಗ ಹೊರಡಬೇಕು ಎಂದು ಬಾಗಿಲಲ್ಲಿ ನಿಂತು ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕೆ ಎರಡು ನಿಯಮಗಳಿವೆ. ಮುಕ್ಕಾಲು ಭಾಗ ತುಂಬದೆ ಗಾಡಿ ಹೊರಡುವಂತಿಲ್ಲ. ಕಟ್ಟೆಯ ಬಾಗಿಲಲ್ಲಿ ಯಾರ ಕೈಗೂ ಸರಕು ಕೊಡುವಂತಿಲ್ಲ. ಎರಡೂ ಸುಮ್ಮನೆ ಹುಟ್ಟಿದ ನಿಯಮಗಳಲ್ಲ. ಮೊದಮೊದಲು ಅರೆಖಾಲಿ ಗಾಡಿಗಳು ಓಡಾಡಿ ಓಣಿಗಳು ಮತ್ತೆ ತುಂಬಿಹೋಗಿದ್ದವಂತೆ. ಕೈಗೆ ಕೊಡತೊಡಗಿದಾಗ ವ್ಯಾಪಾರಿಗಳೆಲ್ಲ ತಮ್ಮ ವಾಹನ ತಂದು ಇದೇ ಬಾಗಿಲಲ್ಲಿ ಸಾಲು ಹಚ್ಚಿದ್ದರಂತೆ. ಹೊಸಬರಿಗೆ ಕೆಲಸ ಕಲಿಸುವಾಗ ನಾನೇ ಇದನ್ನೆಲ್ಲ ವಿವರಿಸುತ್ತಿದ್ದೆ, ಹೆಮ್ಮೆಯಿಂದ.

ಇನ್ನೊಂದು ಸಂಗತಿಯೂ ನಡೆದಿತ್ತು, ಅದನ್ನು ನಾವು ಗಮನಿಸಿರಲಿಲ್ಲ. ಬೇಕಾದುದು ಕಟ್ಟೆಯಿಂದ ದಿನಕ್ಕೆರಡು ಸಲ ಬರುತ್ತದೆ ಎಂದ ಮೇಲೆ ಅಂಗಡಿಯವರು ಸಾಮಾನು ಕೂಡಿಡುವುದನ್ನು ಬಿಟ್ಟರು. ಹಿಂದಿನ ಕೋಣೆಗಳು ಮಲಗುವ ಮನೆಗಳಾದವು. ಕೊನೆಗೆ ಓಣಿಯಲ್ಲಿ ದಾಸ್ತಾನು ಇಡಬಾರದೆಂದು ಕಟ್ಟೆ ನಡೆಸುವ ಮಂಡಳಿಯೇ ಠರಾವು ಮಾಡಿತು. ಸೂಜಿಗಾರ ಓಣಿಯಲ್ಲಿ ಒಂದರ ಹಿಂದೊಂದು ಅಂಗಡಿ ಮುಚ್ಚುತ್ತ ಬಂದಂತೆ ಅದರ ಗಾಡಿ ನಿಧಾನವಾಗಿ ತುಂಬತೊಡಗಿತು. ದಿನಕ್ಕೆರಡು ಸಲ ಹೋಗುತ್ತಿದ್ದುದು ಒಂದು ಸಲಕ್ಕೆ ಬಂತು, ಆಮೇಲೆ ಎರಡು ದಿನಕ್ಕೊಮ್ಮೆ ಆಯಿತು. ಬಡ ಓಣಿಯ ಗಾಡಿ ತಡವಾಗಿ ತುಂಬುತ್ತದೆ ಎಂಬ ಇಷ್ಟು ಸರಳ ಲೆಕ್ಕ ನಮ್ಮಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ.

ಎಂಟು ವರ್ಷದ ಹಿಂದೆ, ಆಷಾಢದ ಒಂದು ಮಂಗಳವಾರ, ಖತೀಜಾ ನದಾಫ ಎಂಬುವರು ನನ್ನ ಬಾಗಿಲಿಗೆ ಬಂದರು. ಸೂಜಿಗಾರ ಓಣಿಯಲ್ಲಿ ಅವರದೊಂದು ಸಣ್ಣ ಔಷಧದ ಅಂಗಡಿ. ಬಸ್ಸಿಳಿದು ನಡೆದು ಬಂದಿದ್ದರಿಂದ ಏದುಸಿರು ಬಿಡುತ್ತಿದ್ದರು. ಅವರ ಓಣಿಯಲ್ಲಿ ಚನ್ನವ್ವ ಬೆಟಗೇರಿ ಎಂಬ ದರ್ಜಿ ಇದ್ದರು. ಚನ್ನವ್ವನಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ಆದರೆ ದಿನಾ ಎರಡು ಗುಳಿಗೆ ತೆಗೆದುಕೊಂಡು ಹತ್ತೊಂಬತ್ತು ವರ್ಷದಿಂದ ಒಂದು ಸಲವೂ ಬಿದ್ದಿರಲಿಲ್ಲ. ಆ ಗುಳಿಗೆ ಸೋಮವಾರವೇ ತೀರಿತ್ತು. ಊರಿನ ಬೇರೆ ಅಂಗಡಿಗಳಲ್ಲಿ ವಿಚಾರಿಸಿದರೆ ಅವರೂ ಕಟ್ಟೆಯ ಕಡೆಗೇ ಕೈ ತೋರಿಸಿದ್ದರು. ಗುಳಿಗೆಯ ಡಬ್ಬಿ ನಮ್ಮ ಕಟ್ಟೆಯಲ್ಲಿ, ಸೂಜಿಗಾರ ಓಣಿಯ ಗಾಡಿಯಲ್ಲಿ, ಜಾಲರಿಯ ಆಚೆ ಕೂತಿತ್ತು. ಅಂಗೈಯಷ್ಟು ದೊಡ್ಡದು.

“ಅಕ್ಕಾರ, ಅಕಾ ಅಲ್ಲೇ ಕಾಣಾಕತ್ತೈತಿ ನೋಡ್ರಿ,” ಎಂದರು ಖತೀಜಾ. “ಅದೊಂದು ನನ್ನ ಕೈಯಾಗ ಕೊಡ್ರಿ. ಉಳಿದದ್ದು ಯಾವಾಗರ ಬರಲಿ.”

“ಕೈಯಾಗ ಕೊಡೂ ಹಂಗಿಲ್ಲರಿ,” ಎಂದೆ ನಾನು. “ನಾಳೆ ಖರೇನ ಬರತೈತಿ. ನಾನ ನಿಂತು ಕಳಸ್ತೀನಿ.”

“ಆಕಿ ನಿನ್ನೆ ರಾತ್ರಿದೂ ತಗೊಂಡಿಲ್ಲರಿ, ಇವತ್ತಿಂದೂ ಇಲ್ಲ.”

“ಒಂದ ದಿನದ ಮಾತು. ನಾ ಹೇಳಾಕತ್ತೀನಲ್ರೀ.”

ಅವರು ಇನ್ನೊಮ್ಮೆ ಜಾಲರಿಯ ಕಡೆ ನೋಡಿದರು. ಜಗಳ ಮಾಡಲಿಲ್ಲ. ಸೆರಗು ಸರಿಮಾಡಿಕೊಂಡು ಬಸ್ಸಿನ ಕಡೆ ನಡೆದರು. ಕೆಲಸಕ್ಕೆ ಸೇರಿದಾಗಿನಿಂದ ಇಂಥ ಮಾತನ್ನು ನಾನು ನೂರಾರು ಸಲ ಹೇಳಿದ್ದೆ. ಮಧ್ಯಾಹ್ನ ರೊಟ್ಟಿ ತಿಂದೆ, ನಿದ್ದೆಯನ್ನೂ ಮಾಡಿದೆ. ಇದನ್ನು ಮುಚ್ಚಿಡಲಾರೆ.

ಬುಧವಾರ ಮುಂಜಾನೆ ಬಂದು ನೋಡಿದರೆ ಗಾಡಿ ಅರ್ಧವೂ ತುಂಬಿರಲಿಲ್ಲ. ನಮ್ಮ ಮೇಲ್ವಿಚಾರಕ ವೀರೇಶಪ್ಪನವರ ಬಳಿ ಹೋಗಿ ಇದೊಂದು ಗಾಡಿ ಬಿಡೋಣ ಎಂದೆ. ಒಳ್ಳೆಯ ಮನುಷ್ಯ ಅವರು. ನನ್ನ ತಾಯಿ ತೀರಿಕೊಂಡಾಗ ಮೂರು ದಿನ ನಮ್ಮ ಮನೆಗೆ ಊಟ ಕಳಿಸಿದವರು. “ದಾಕ್ಷಾಯಣಿ, ಇವತ್ತ ಒಂದಕ್ಕ ಬಿಟ್ರ ನಾಳೆ ನಲವತ್ತು ಓಣಿಯವರು ಬಂದು ನಿಲ್ತಾರ. ಆಗ ಯಾರಿಗೆ ಹೌದು ಅನ್ನೂದು, ಯಾರಿಗೆ ಇಲ್ಲ ಅನ್ನೂದು? ಜವಳಿ ಗಂಟು ಮಧ್ಯಾಹ್ನದೊಳಗ ಬರ್ತಾವು, ತುಂಬತೈತಿ ಬಿಡು,” ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಬಾಗಿಲಿಗೆ ಹಿಂತಿರುಗಿ ಬೇರೆ ಗಾಡಿಗಳನ್ನು ಕಳಿಸುತ್ತ ನಿಂತೆ.

ಜವಳಿ ಗಂಟುಗಳು ಬಂದಾಗ ಮೂರೂವರೆ. ಗಾಡಿ ಓಣಿ ಮುಟ್ಟಿದಾಗ ನಾಲ್ಕು ದಾಟಿತ್ತು. ಚನ್ನವ್ವ ಹನ್ನೆರಡು ಗಂಟೆಗೇ ಹೊಲಿಗೆ ಮಷಿನ್ನಿನ ಮುಂದೆ ಬಿದ್ದಿದ್ದರು. ಒಂದು ಸೆಳವು ನಿಲ್ಲುವ ಮೊದಲೇ ಮತ್ತೊಂದು. ಆಂಬುಲೆನ್ಸ್ ಆರು ನಿಮಿಷದಲ್ಲಿ ಬಂತು, ಏಕೆಂದರೆ ನಮ್ಮ ಓಣಿಗಳಲ್ಲಿ ಅದಕ್ಕೆ ಅಡ್ಡ ಬರುವ ಒಂದು ವಾಹನವೂ ಇರುವುದಿಲ್ಲ. ಅದನ್ನೂ ನಿಮಗೆ ಹೇಳಲೇಬೇಕು. ಆದರೂ ಸೆಳವು ನಿಲ್ಲಿಸಲು ವೈದ್ಯರಿಗೆ ಸಂಜೆಯವರೆಗೆ ಹಿಡಿಯಿತು. ಹನ್ನೊಂದು ದಿನದ ಮೇಲೆ ಚನ್ನವ್ವ ಕಣ್ಣು ತೆರೆದರು. ಜೀವ ಉಳಿಯಿತು.

ಒಂದು ತಿಂಗಳ ನಂತರ ಧೈರ್ಯ ಮಾಡಿ ಚನ್ನವ್ವನ ಮನೆಗೆ ಹೋದೆ. ಬಾಗಿಲು ತೆರೆದವರು, ಅವರನ್ನು ನೋಡಿಕೊಳ್ಳಲು ಬಂದಿದ್ದ ಖತೀಜಾ. ನನ್ನ ಗುರುತು ಸಿಕ್ಕಿತು, ಆದರೂ ಒಳಗೆ ಕರೆದರು. ಚನ್ನವ್ವ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನೋಡಿದ್ದೇ ಮುಖ ಅರಳಿಸಿ, “ಬರ್ರಿ ಬರ್ರಿ, ಅಳತಿ ಕೊಡಾಕ ಬಂದೀರೇನು?” ಎಂದರು. ಹೌದೆಂದೆ. ಎದ್ದು ಬಂದು ಭುಜ, ತೋಳು, ಸೊಂಟ ಎಲ್ಲವನ್ನೂ ಅಳೆದರು. ಕೈ ಎಷ್ಟು ಹಗುರ! ಬರೆದುಕೊಳ್ಳಲು ಪುಸ್ತಕದ ಕಡೆ ತಿರುಗಿದವರು ಅಲ್ಲಿಯೇ ನಿಂತರು. ಮತ್ತೆ ನನ್ನ ಕಡೆ ತಿರುಗಿ, ಅದೇ ನಗು ನಕ್ಕು, “ಬರ್ರಿ, ಅಳತಿ ಕೊಡಾಕ ಬಂದೀರೇನು?” ಎಂದರು. ಮೂರು ಸಲ ಅಳತೆ ಕೊಟ್ಟೆ. ಓಣಿಯಲ್ಲಿ ನಡೆದು ಹೋಗುವವರನ್ನು ಕಣ್ಣಿನಲ್ಲಿಯೇ ಅಳೆದು ರವಿಕೆ ಹೊಲಿಯುತ್ತಿದ್ದರಂತೆ ಅವರು. ನಾಲ್ಕನೆಯ ಸಲ ಖತೀಜಾ ಬಂದು ಅವರ ಕೈ ಹಿಡಿದು ಕೂಡಿಸಿದರು.

ಹೊರಗೆ ಬಂದ ಮೇಲೆ, ನನ್ನದು ತಪ್ಪಾಯಿತು ಎಂದೆ. ಖತೀಜಾ ಚಪ್ಪಲಿ ಹಾಕಿಕೊಳ್ಳುತ್ತಿದ್ದರು, ತಲೆ ಎತ್ತಲಿಲ್ಲ.

“ನೀವೇನು ಸುಳ್ಳು ಹೇಳಲಿಲ್ಲರಿ. ನಾಳೆ ಅಂದಿದ್ರಿ, ನಾಳೆನ ಬಂತು.”

ಮಂಡಳಿಗೆ ನಾನೇ ಪತ್ರ ಬರೆದೆ. ನನ್ನ ಹೆಸರು ಹಾಕಿ, ಆ ಎರಡು ದಿನ ಆದದ್ದನ್ನೆಲ್ಲ ಹೇಳಿದೆ. ವಿಚಾರಣೆ ನಡೆಯಿತು. ಯಾರೂ ನಿಯಮ ಮೀರಿಲ್ಲ ಎಂದು ತೀರ್ಮಾನ ಬಂತು. ಅದನ್ನು ಓದಿದ ದಿನ, ಇದಕ್ಕಿಂತ ಬೈಸಿಕೊಂಡಿದ್ದರೆ ಎಷ್ಟೋ ಮೇಲಾಗುತ್ತಿತ್ತು ಎನಿಸಿತು. ಎರಡು ವರ್ಷ ಅರ್ಜಿ ಹಿಡಿದು ಓಡಾಡಿದ ಮೇಲೆ, ವೀರೇಶಪ್ಪನವರೂ ನನ್ನ ಜೊತೆ ಸಹಿ ಹಾಕಿದ ಮೇಲೆ, ಕೈಬುಟ್ಟಿ ಎಂಬುದೊಂದು ಶುರುವಾಯಿತು. ಗಾಡಿ ತುಂಬಲಿ ಬಿಡಲಿ, ದಿನಾ ಮುಂಜಾನೆ ಒಬ್ಬರು ಸೈಕಲ್ಲಿನ ಮೇಲೆ ಔಷಧ, ಕೂಸಿನ ಹಾಲಿನ ಪುಡಿ ಇಂಥವನ್ನು ಬುಟ್ಟಿಯಲ್ಲಿ ಒಯ್ದು ಕೊಡುತ್ತಾರೆ. ಸದ್ಯಕ್ಕೆ ಹನ್ನೆರಡು ಓಣಿಗಳಿಗೆ ಮಾತ್ರ. ಬುಟ್ಟಿಗೆ ಏನು ಹಾಕಬೇಕೆಂದು ಬಾಗಿಲಲ್ಲಿರುವ ಸರದಿಗಾರ್ತಿ ತೀರ್ಮಾನಿಸುತ್ತಾಳೆ. ಖತೀಜಾ ಇದನ್ನೆಲ್ಲ ನೆಚ್ಚಿ ಕೂತಿಲ್ಲ. ಠರಾವು ಏನೇ ಹೇಳಲಿ, ತಿಂಗಳಿಗಾಗುವಷ್ಟು ಗುಳಿಗೆಗಳನ್ನು ಅಕ್ಕಿಯ ಡಬ್ಬದ ಹಿಂದೆ ಇಟ್ಟಿರುತ್ತಾರೆ. ನನಗೆ ಗೊತ್ತು. ನಾನು ಯಾರಿಗೂ ಹೇಳಿಲ್ಲ.

ಬರುವ ಯುಗಾದಿಗೆ ಬಾಗಿಲಲ್ಲಿ ಸರದಿಗಾರ್ತಿಯರು ಇರುವುದಿಲ್ಲ. ಗಾಡಿ ತುಂಬಿದ್ದನ್ನು ಯಂತ್ರವೇ ನೋಡಿ ತಾನೇ ಕಳಿಸುತ್ತದಂತೆ. ಕೈಬುಟ್ಟಿಯ ಗತಿ ಏನು ಎಂದು ಸಭೆಯಲ್ಲಿ ಕೇಳಿದೆ. ಅದನ್ನು ಆಮೇಲೆ ನೋಡೋಣ ಎಂದರು. ಯಾರದಾದರೂ ಗುಳಿಗೆ ತೀರಿದ ದಿನ ಅವರು ಬಂದು ಯಾರನ್ನು ಕೇಳಬೇಕು? ಕೇಳಲು ಒಂದು ಮುಖವಾದರೂ ಇರಬೇಡವೇ?

ಹಿರಿಯರೇ, ನಿಮ್ಮಲ್ಲಿ ಒಂದು ಬೇಡಿಕೆ. ಕಟ್ಟೆ ಕಟ್ಟಿ, ಟೆಂಪೊಗಳನ್ನು ಊರ ಹೊರಗೇ ನಿಲ್ಲಿಸಿ, ಮಕ್ಕಳಿಗೆ ರಸ್ತೆ ಬಿಟ್ಟುಕೊಡಿ. ಆದರೆ ನಿಯಮ ಬರೆಯಲು ಕೂತಾಗ, ಇದನ್ನು ಮೀರುವ ಅಧಿಕಾರ ಯಾರಿಗಿದೆ ಎಂಬುದನ್ನೂ ಅದರ ಕೆಳಗೇ ಬರೆಯಿರಿ. ಅವರು ಬಾಗಿಲಲ್ಲಿ ನಿಲ್ಲುವವರೇ ಆಗಿರಲಿ, ದೂರದ ಕೋಣೆಯಲ್ಲಿ ಕೂತವರಾಗದಿರಲಿ. ಅವರು ಮೀರಿದ ದಿನ ಅವರ ಕೆಲಸ ಹೋಗುವುದಿಲ್ಲ ಎಂದೂ ಬರೆಯಿರಿ, ಇಲ್ಲದಿದ್ದರೆ ಅವರೂ ನನ್ನಂತೆಯೇ ನಿಂತುಬಿಡುತ್ತಾರೆ. ನಮ್ಮ ಕಾಲದಲ್ಲಿ ಆ ಸಾಲು ಸೇರಿಸಲು ಏಳು ಕಚೇರಿಗಳ ಒಪ್ಪಿಗೆ ಬೇಕು. ನಿಮ್ಮ ಮುಂದಿರುವ ಹಾಳೆಯಾದರೋ ಇನ್ನೂ ಖಾಲಿಯಿದೆ.

ನಿಮ್ಮ ಮೊಮ್ಮಕ್ಕಳ ಮಕ್ಕಳಲ್ಲಿ ಒಬ್ಬಳಾದ,
ದಾಕ್ಷಾಯಣಿ ಹೊರಪೇಟಿ